ಒಳ್ಳೇ ಗಡ್ಡೆ

ಇಂಚರಳ ಕಂಕುಳಲ್ಲಿರುವುದು ಒಳ್ಳೇ ಗಡ್ಡೆ ಎಂದು ಅವಳ ಅಪ್ಪ ಅಮ್ಮನಿಗೆ ಹೇಳಿದವಳು ಡಾಕ್ಟರ್ ಅನಸೂಯಾ ಅಣಬೇರು. ಹೇಳುವಾಗ ನಕ್ಕಿದ್ದಳು ಕೂಡ.

ಆಗ ಹುಡುಗಿಗೆ ಆರು ವರ್ಷ. ಅಪ್ಪ ಹಾಲೇಶನದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ಅಮ್ಮ ನಾಗವೇಣಿ ಮಗಳಿಗೆ ಸ್ನಾನ ಮಾಡಿಸುವಾಗ ಎಡ ಕಂಕುಳಲ್ಲಿ ಮೆತ್ತಗಿನ ಗಂಟೊಂದು ಕೈಗೆ ಸಿಕ್ಕಿತ್ತು. ಒತ್ತಿದರೆ ಹುಡುಗಿಗೆ ಕಿರುಬೆರಳವರೆಗೆ ಕರೆಂಟ್ ಹೊಡೆದ ಹಾಗಾಗುತ್ತಿತ್ತು. ಮೂರು ಕಡೆ ತೋರಿಸಿದರು. ಒಬ್ಬರು ಕೊಬ್ಬು ಅಂದರು, ಇನ್ನೊಬ್ಬರು ಟಿ.ಬಿ. ಗಂಟು ಅಂದರು, ಮೂರನೆಯವರು ಹಾಲೇಶನನ್ನು ಒಳಗೆ ಕರೆದು ಕ್ಯಾನ್ಸರ್ ಇರಬಹುದು ಅಂದುಬಿಟ್ಟರು. ಕೊನೆಗೆ ಬಂದದ್ದು ನರಸುಧಾ ಆಸ್ಪತ್ರೆಗೆ. ಅಲ್ಲಿ ಅನಸೂಯಾ ಗಂಟನ್ನು ಮುಟ್ಟುವುದಕ್ಕೂ ಮೊದಲು ಹುಡುಗಿಯ ಬೆನ್ನ ಮೇಲಿದ್ದ ಕಾಫಿ ಬಣ್ಣದ ಚಪ್ಪಟೆ ಮಚ್ಚೆಗಳನ್ನು ಎಣಿಸಿದಳು. ಒಂಬತ್ತು ಇದ್ದವು.

"ಹುಟ್ಟಿದಾಗಿಂದ ಅದಾವ್ರಿ ಅವು," ಎಂದಳು ನಾಗವೇಣಿ. "ನಮ್ಮತ್ತೆ ಚೊಲೋ ಲಕ್ಷಣ ಅಂತಿದ್ರು."

"ಅವೇ ಇದರ ಗುರುತು," ಎಂದು ಅನಸೂಯಾ ವಿವರಿಸಿದಳು. ಪ್ರತಿ ನರದ ಎಳೆಗೂ ಕರೆಂಟಿನ ತಂತಿಗೆ ಇರುವಂತೆ ಒಂದು ಹೊದಿಕೆ ಇರುತ್ತದೆ. ಆ ಹೊದಿಕೆಯ ಕೋಶಗಳು ಕೆಲವು ಮಕ್ಕಳಲ್ಲಿ ಲಂಗುಲಗಾಮಿಲ್ಲದೆ ಬೆಳೆದು ನರದ ಸುತ್ತ ಗಡ್ಡೆ ಕಟ್ಟುತ್ತವೆ. ತೀರಾ ಅಪರೂಪ. ಕ್ಯಾನ್ಸರಿನಂತೆ ಬೇರೆ ಕಡೆಗೆ ಹರಡುವುದಿಲ್ಲ. "ಇದು ಒಳ್ಳೇ ಗಡ್ಡೆ. ಜೀವಕ್ಕೆ ಏನೂ ಅಪಾಯ ಇಲ್ಲ."

ಹಾಲೇಶ ಅಲ್ಲೇ ಕುರ್ಚಿಯ ಮೇಲೆ ಕುಸಿದು ಅತ್ತಿದ್ದ. ಮಾರನೆಯ ದಿನ ಒಂದು ಚೀಲ ಮಂಡಕ್ಕಿ ತಂದುಕೊಟ್ಟಿದ್ದ.

ಮುಂಚೆಯಾಗಿದ್ದರೆ ಇಂಥ ಗಡ್ಡೆ ತೆಗೆಯಲು ಯಾರೂ ಧೈರ್ಯ ಮಾಡುತ್ತಿರಲಿಲ್ಲ. ಕೈಗೆ ಹೋಗುವ ನರಗಳೆಲ್ಲ ಕುತ್ತಿಗೆಯಿಂದ ಕಂಕುಳಿನವರೆಗೆ ಜಡೆಯಂತೆ ಹೆಣೆದುಕೊಂಡಿರುತ್ತವೆ. ಗಡ್ಡೆ ಯಾವುದು, ನರ ಯಾವುದು ಎಂದು ತಿಳಿಯದೆ ಕತ್ತರಿ ಹಾಕಿದರೆ ಮಗುವಿನ ಕೈಯೇ ಹೋಗುತ್ತದೆ. ನರದರ್ಶಕ ಎಂಬ ಯಂತ್ರ ಬಂದಮೇಲೆ ಆ ಕಾಲ ಮುಗಿದಿತ್ತು. ಅದು ಗಾಡಿಯ ಚಕ್ರದಷ್ಟು ದೊಡ್ಡ ಬಿಳಿ ಬಳೆ. ಮಗು ಅದರೊಳಗೆ ತೋಳಿಟ್ಟು ಬೆರಳಾಡಿಸಿದರೆ ಸಾಕು, ನರದಲ್ಲಿ ಹರಿಯುವ ಸಂಕೇತದಿಂದ ಹುಟ್ಟುವ ಕೂದಲೆಳೆಯಷ್ಟು ಸಣ್ಣ ಕಾಂತಶಕ್ತಿಯನ್ನೂ ಅದು ಹಿಡಿಯುತ್ತಿತ್ತು. ಪರದೆಯ ಮೇಲೆ ಒಂದೊಂದೇ ಎಳೆ ಮೂಡುತ್ತಿತ್ತು, ಜೀವ ಇರುವುದು ಹಸಿರು, ಸತ್ತದ್ದು ಬೂದಿ. ಕೊನೆಯಲ್ಲಿ ಯಂತ್ರವೇ ಒಂದು ತೀರ್ಪು ಬರೆಯುತ್ತಿತ್ತು: 'ಈಗಲೇ ತೆಗೆಯಿರಿ' ಅಥವಾ 'ಕಾಯಬಹುದು'.

ಇಂಚರಳಿಗೆ ಪ್ರತಿ ಸಲವೂ 'ಕಾಯಬಹುದು' ಎಂದೇ ಬಂತು. ಮೂರು ತಿಂಗಳಿಗೊಮ್ಮೆ ಬರುವುದು, ಬಳೆಯೊಳಗೆ ಕೈ ಇಡುವುದು, ಪರೀಕ್ಷೆಗೆಂದು ಸೂಜಿ ಹಾಕಿ ಗಡ್ಡೆಯಿಂದ ಒಂದಿಷ್ಟು ತೆಗೆಸಿಕೊಳ್ಳುವುದು, ಹೋಗುವುದು. ಹೀಗೆ ಮೂರು ವರ್ಷದಲ್ಲಿ ಹನ್ನೆರಡು ಸಲ. ಹನ್ನೆರಡು ವರದಿಗಳ ಕೆಳಗೂ ಅನಸೂಯಾ ಸಹಿ ಹಾಕಿದ್ದಳು.

ಹನ್ನೆರಡನೆಯ ಸಲ ಬಂದಾಗ ಹುಡುಗಿ ಎಡಗೈಯನ್ನು ಬಲಗೈಯಿಂದ ಎತ್ತಿ ಬಳೆಯೊಳಗೆ ಇಟ್ಟಳು.

ಕಂಟ್ರೋಲ್ ರೂಮಿನ ಗಾಜಿನ ಈಚೆ ನಿಂತಿದ್ದ ಅನಸೂಯಾ ಅದನ್ನು ನೋಡಿದಳು. ಯಂತ್ರ ನಡೆಸುವ ರೆಹಾನಾ ಮೈಕಿನಲ್ಲಿ, "ಕಿರುಬೆರಳು ಆಡ್ಸು ಪುಟ್ಟಿ... ಈಗ ಹೆಬ್ಬೆರಳು," ಎನ್ನುತ್ತಿದ್ದಳು. ಹೆಬ್ಬೆರಳು ಅಲುಗಲಿಲ್ಲ.

"ಆಡ್ಸು ಪುಟ್ಟಿ."

"ಆಡಿಸ್ತಾ ಇದೀನಿ," ಎಂದಿತು ಸ್ಪೀಕರಿನಲ್ಲಿ ಸಣ್ಣ ದನಿ.

ಸ್ವಲ್ಪ ಹೊತ್ತಿಗೆ ವರದಿ ಬಂತು. 'ಸ್ಥಿತಿ ಸ್ಥಿರ. ಕಾಯಬಹುದು.' ಅನಸೂಯಾ ಪೆನ್ನು ತೆಗೆದವಳು ಹಾಗೇ ನಿಂತಳು. "ಹೆಬ್ಬೆರಳು ಆಡ್ತಿಲ್ಲ. ಸ್ಥಿರ ಅಂತ ಹೇಗೆ ಬಂತು?"

ರೆಹಾನಾ ಮೈಕು ಆರಿಸಿದಳು. ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುವ, ನಾಲ್ಕು ವರ್ಷದಿಂದ ತಲೆ ತಗ್ಗಿಸಿ ಕೆಲಸ ಮಾಡುವ ಹೆಂಗಸು ಅವಳು. ಎದ್ದು ಹೋಗಿ ಬಾಗಿಲು ಹಾಕಿ ಬಂದಳು. "ಮೇಡಂ, ಈ ವರದಿ ಇಲ್ಲಿ ಆಗೋದಲ್ಲ. ಚಿತ್ರ ಮುಖ್ಯ ಕಚೇರಿಗೆ ಹೋಗುತ್ತೆ, ಅಲ್ಲಿಂದ ತೀರ್ಪು ಬರುತ್ತೆ. ಮೂಲ ಚಿತ್ರ ಇಲ್ಲೇ ಇರುತ್ತೆ. ನೀವು ಯಾವತ್ತೂ ಕೇಳಲಿಲ್ಲ."

"ತೋರಿಸು."

ರೆಹಾನಾ ಮೊದಲನೆಯ ಸಲದ ಚಿತ್ರವನ್ನೂ ಇವತ್ತಿನದನ್ನೂ ಅಕ್ಕಪಕ್ಕ ಇಟ್ಟಳು. ಮೂರು ವರ್ಷದ ಹಿಂದೆ ಗಡ್ಡೆಯ ನಡುವೆ ಹಸಿರು ಎಳೆಗಳ ತುಂಬು ಜಡೆ ಹಾದುಹೋಗಿತ್ತು. ಈಗ ಅರ್ಧಕ್ಕರ್ಧ ಬೂದಿ. ಗಡ್ಡೆ ಮೂರರಷ್ಟಾಗಿತ್ತು. ಕಣ್ಣಿದ್ದವರು ಯಾರು ನೋಡಿದರೂ ಎರಡು ವರ್ಷದ ಹಿಂದೆಯೇ ಆಪರೇಷನ್ ಮಾಡಿರುತ್ತಿದ್ದರು.

"ಇನ್ನೊಂದು ವಿಷಯ ಮೇಡಂ," ರೆಹಾನಾಳ ದನಿ ಇನ್ನೂ ಇಳಿಯಿತು. "ಪರೀಕ್ಷೆಗೆ ಅಕ್ಕಿಕಾಳಿನಷ್ಟು ಸಾಕು. ಆಸ್ಪತ್ರೆಯವರು ಪ್ರತಿ ಸಲ ಐದು ಟ್ಯೂಬ್ ತುಂಬಿಸ್ಕೊಳ್ತಾರೆ. ನಮ್ಮ ಲ್ಯಾಬಿಗೆ ಹೋಗೋದು ಒಂದು. ಉಳಿದ ನಾಲ್ಕು ಕೆಳಗಡೆ ಶೀತಲ ಕೋಣೆಗೆ. ಟ್ಯೂಬ್ ಮೇಲೆ ಹೆಸರಿರಲ್ಲ, ದಾವಣಗೆರೆಯ ನಂಬರ್ ಅಷ್ಟೇ. ಈ ಮಗು ದಾ-2. ಹೀಗೆ ದಾ-1ರಿಂದ ದಾ-19ರವರೆಗೂ ಇದಾರೆ. ಎಲ್ಲರಿಗೂ 'ಕಾಯಬಹುದು' ಅಂತಾನೇ ಬರುತ್ತೆ."

ದಾ-2. ಆ ಗುರುತನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು ಅನಸೂಯಾಳಿಗೆ. ಮಧ್ಯಾಹ್ನ ಮನೆಗೆ ಹೋಗುವ ದಾರಿಯಲ್ಲಿ ನೆನಪಾಯಿತು. ನೆನಪಾದ ಕೂಡಲೇ ಕಾರು ಬದಿಗೆ ನಿಲ್ಲಿಸಬೇಕಾಯಿತು.

ಎರಡು ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಅವಳ ಬಲ ಮೊಣಕೈಯ ನರ ತುಂಡಾಗಿತ್ತು. ಎರಡು ಬೆರಳು ಮರಗಟ್ಟಿ, ಇನ್ನು ಕತ್ತರಿ ಹಿಡಿಯುವುದು ಮುಗಿಯಿತು ಎಂದು ಅವಳೇ ತೀರ್ಮಾನಿಸಿದ್ದಳು. ಆಗ ಆಸ್ಪತ್ರೆಯ ನಿರ್ದೇಶಕ ಡಾಕ್ಟರ್ ಸೋಮಶೇಖರ ಕೊಂಡಜ್ಜಿ ತಾವೇ ಮುಂದೆ ನಿಂತು 'ತಂತುಜೀವ' ಎಂಬ ಹೊಸ ಚಿಕಿತ್ಸೆ ಕೊಡಿಸಿದ್ದರು. ನರದ ಹೊದಿಕೆಯ ಜೀವಂತ ಕೋಶಗಳ ಚುಚ್ಚುಮದ್ದು ಅದು. ಯಾವ ದೇಹವೂ ಹೊರಗಿನದೆಂದು ತಳ್ಳದಂತೆ ಆ ಕೋಶಗಳ ಗುರುತನ್ನು ಅಳಿಸಿರುತ್ತಾರೆ, ಗಡ್ಡೆಯಾಗಿ ಬೆಳೆಯುವ ಗುಣವನ್ನೂ ತೆಗೆದಿರುತ್ತಾರೆ. ಅವು ತುಂಡಾದ ನರದ ಮೇಲೆ ಕೂತು ಹೊಸ ಹೊದಿಕೆ ಹೆಣೆಯುತ್ತವೆ. ಐದು ತಿಂಗಳಲ್ಲಿ ಅವಳ ಬೆರಳುಗಳು ಮರಳಿದ್ದವು. ಕೋಶಗಳು ಎಲ್ಲಿಂದ ಬಂದವು ಎಂದು ಅವಳು ಕೇಳಿರಲಿಲ್ಲ.

ಮನೆಯಲ್ಲಿ ಗಂಡ ಪ್ರಭುಸ್ವಾಮಿ ಊಟಕ್ಕೆ ತಟ್ಟೆ ಹಾಕುತ್ತಿದ್ದ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ ಬೀರು ತೆರೆದು ಹಳೆಯ ಫೈಲುಗಳನ್ನೆಲ್ಲ ಮಂಚದ ಮೇಲೆ ಸುರಿದಳು. ಚಿಕಿತ್ಸೆಯ ಕಾರ್ಡು ಸಿಕ್ಕಿತು. ಅದರ ಮೂಲೆಯಲ್ಲಿ ಸಣ್ಣ ಚೀಟಿ: 'ಮೂಲ: ದಾ-2, ದಾ-5.'

"ಏನದು?" ಎಂದ ಪ್ರಭುಸ್ವಾಮಿ.

ಹೇಳಿದಳು. ಅವನು ಕಾರ್ಡನ್ನು ತಿರುಗಾ ಮುರುಗಾ ನೋಡಿ, "ನಿಂಗೆ ಗೊತ್ತಿರಲಿಲ್ವಲ್ಲ," ಎಂದ.

"ಗೊತ್ತು ಮಾಡ್ಕೊಳ್ಳಲಿಲ್ಲ."

ಊಟಕ್ಕೆ ಕೂತಳು. ಅನ್ನ ಸಾರು ಕಲಸಿ ತುತ್ತು ಬಾಯಿಯ ಹತ್ತಿರ ತಂದಾಗ ಬೆರಳುಗಳು ಕಂಡವು. ಬಿಸಿ ಗೊತ್ತಾಗುತ್ತಿದ್ದ, ಅನ್ನದ ಅಗುಳು ಅಗುಳೂ ಗೊತ್ತಾಗುತ್ತಿದ್ದ ಆ ಎರಡು ಬೆರಳು. ಎದ್ದು ಬಚ್ಚಲಿಗೆ ಓಡಿದಳು. ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿದಳು, ಗಾಯದ ಕಲೆ ಕೆಂಪಗಾಗುವವರೆಗೆ ತಿಕ್ಕಿದಳು. ಸಾವಿರ ಸಲ ಕೈ ತೊಳೆದು ಆಪರೇಷನ್ನಿಗೆ ನಿಂತವಳಿಗೆ ಈಗ ಎಷ್ಟು ತೊಳೆದರೂ ಅಸಹ್ಯ ಹೋಗಲಿಲ್ಲ. ಹೊರಗಿನ ಕೊಳೆಯಾಗಿದ್ದರೆ ಹೋಗುತ್ತಿತ್ತು.

ಮಾರನೆಯ ಬೆಳಿಗ್ಗೆ ನಿರ್ದೇಶಕರ ಕೋಣೆಗೆ ಹೋದಾಗ ಕೊಂಡಜ್ಜಿಯವರು ತಿಂಡಿ ತಿನ್ನುತ್ತಿದ್ದರು. ಬೆಣ್ಣೆ ದೋಸೆ. ಬೆರಳುಗಳಿಂದ ಬೆಣ್ಣೆ ಇಳಿಯುತ್ತಿತ್ತು. "ಬನ್ನಿ ಅನಸೂಯಾ, ತಿಂಡಿ ಆಯ್ತಾ?"

ಅವಳು ಎರಡು ಚಿತ್ರಗಳನ್ನು ತಟ್ಟೆಯ ಪಕ್ಕ ಇಟ್ಟಳು. ಅವರು ನೋಡಿದರು. ಬೆಚ್ಚಲಿಲ್ಲ, ಮುಚ್ಚಿಡಲೂ ಹೋಗಲಿಲ್ಲ.

"ಆ ಕೋಶಗಳನ್ನ ಲ್ಯಾಬಲ್ಲಿ ಬೆಳೆಸೋಕೆ ಎಲ್ಲಾ ಪ್ರಯತ್ನ ಮಾಡಿದ್ದಾರೆ. ಹತ್ತು ದಿನಕ್ಕೆ ಸತ್ವ ಕಳ್ಕೊಳ್ತವೆ. ಜೀವಂತ ನರದ ಪಕ್ಕ ಬೆಳೀಬೇಕು. ಅದರಲ್ಲೂ..." ಒಂದು ತುಂಡು ದೋಸೆ ಬಾಯಿಗಿಟ್ಟುಕೊಂಡರು. "ಪಕ್ಕದ ನರ ಸಾಯ್ತಾ ಇರುವಾಗ ಅವು ಅದನ್ನ ಉಳಿಸೋಕೆ ಮೈಮುರಿದು ಕೆಲಸ ಮಾಡ್ತವೆ. ಆಗ ತೆಗೆದದ್ದು ಅತ್ಯುತ್ತಮ."

"ಅಂದ್ರೆ ಆ ಮಗುವಿನ ಕೈ ಸಾಯ್ತಾ ಇದ್ದಷ್ಟೂ ನಿಮಗೆ ಒಳ್ಳೇದು."

"ನಮಗೆ ಅನ್ನಿ. ಹನ್ನೊಂದು ಸಾವಿರ ಜನ ಎದ್ದು ನಡೀತಾ ಇದಾರೆ. ಬೆನ್ನುಹುರಿ ಮುರಿದವರು, ಕಟ್ಟಡದಿಂದ ಬಿದ್ದ ಕೂಲಿಯವರು. ಹತ್ತೊಂಬತ್ತು ಮಕ್ಕಳಿಗೆ ಒಂದು ಕೈಯೋ ಕಾಲೋ ಸ್ವಲ್ಪ ಬಲ ಕಡಿಮೆ ಆಗುತ್ತೆ. ಯಾರ ಪ್ರಾಣಾನೂ ಹೋಗಲ್ಲ. ಅಪ್ಪ ಅಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಾರೆ, ಹದಿನಾಲ್ಕನೇ ಪುಟದಲ್ಲಿದೆ. ಗಡ್ಡೆ ಮಗುವಿನ ಅಂಗ ಅಲ್ಲ ಅನಸೂಯಾ, ಕಸ. ನಾವು ಕಸದಿಂದ ಔಷಧಿ ಮಾಡ್ತಾ ಇದೀವಿ."

"ಬಲ ಕಡಿಮೆ ಆಗುತ್ತೆ ಅಂತ ಅವರಿಗೆ ಹೇಳಿದೀರಾ?"

"ನೀವು ಹೇಳಿದ್ರಾ?" ಎಂದರು ಅವರು, ದನಿ ಏರಿಸದೆ. "ವರದಿಗೆ ಸಹಿ ನಿಮ್ಮದು." ಕರವಸ್ತ್ರದಿಂದ ಬೆರಳು ಒರೆಸಿಕೊಳ್ಳುತ್ತ, "ಆ ಬಲಗೈಲೇ ಅಲ್ವಾ ಸಹಿ ಹಾಕಿದ್ದು?" ಎಂದರು.

ಅವಳಿಗೆ ಅವರ ಮೇಲೆ ಕೋಪ ಬರಲಿಲ್ಲ. ಕೋಪ ಬಂದಿದ್ದರೆ ಹಗುರಾಗುತ್ತಿತ್ತು. ಕೊಳೆತದ್ದನ್ನು ತುಳಿದು, ಕಾಲನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ನಿಂತವಳ ಹಾಗಿದ್ದಳು. ಬೆಣ್ಣೆಯ ವಾಸನೆ ತಡೆಯಲಾಗದೆ ಹೊರಗೆ ಬಂದಳು. ಕಂಟ್ರೋಲ್ ರೂಮಿನಲ್ಲಿ ರೆಹಾನಾ ಏನೂ ಕೇಳದೆ ಒಂದು ಪೆನ್ ಡ್ರೈವ್ ಕೈಗಿಟ್ಟಳು. ಹತ್ತೊಂಬತ್ತು ಮಕ್ಕಳ ಮೂಲ ಚಿತ್ರಗಳೂ ವಿಳಾಸಗಳೂ ಅದರಲ್ಲಿದ್ದವು.

"ನಿನ್ನ ಕೆಲಸ ಹೋಗುತ್ತೆ ರೆಹಾನಾ."

"ಹೋಗ್ಲಿ ಮೇಡಂ. ಮನೇಲಿ ನನ್ನ ಮಗಳಿಗೆ ಊಟ ಮಾಡಿಸೋವಾಗ ಈ ಮಕ್ಕಳ ಬೆರಳೇ ಕಣ್ಣಿಗೆ ಬರ್ತವೆ. ಸಾಕಾಗಿದೆ."

ಹಾಲೇಶನ ಭಟ್ಟಿಯಲ್ಲಿ ಕಾದ ಮರಳಿನ ಮೇಲೆ ಅಕ್ಕಿ ಚಟಪಟ ಅರಳುತ್ತಿತ್ತು. ಒಳಗೆ ಕಾಲಿಟ್ಟರೆ ಮುಖ ಸುಡುವ ಶಾಖ. ಡಾಕ್ಟರಮ್ಮ ತಾನಾಗಿ ಬಂದದ್ದು ನೋಡಿ ಹಾಲೇಶ ಗಾಬರಿಯಾಗಿ ಜರಡಿ ಕೆಳಗಿಟ್ಟ. ನಾಗವೇಣಿ ಸೆರಗಿನಿಂದ ಒಂದು ಸ್ಟೂಲು ಒರೆಸಿ ಹಾಕಿದಳು. ಅನಸೂಯಾ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು. ವರದಿ ಸುಳ್ಳು, ಗಡ್ಡೆ ಎರಡು ವರ್ಷದ ಹಿಂದೆಯೇ ತೆಗೆಯಬೇಕಿತ್ತು, ಸೂಜಿಯಲ್ಲಿ ತೆಗೆದದ್ದು ಬೇರೆಯವರ ಮೈ ಸೇರಿದೆ. ಕೊನೆಗೆ ತನ್ನ ಮೊಣಕೈಯನ್ನೂ ತೋರಿಸಿದಳು.

ಹಾಲೇಶನಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಅವನು ಹಿಂದೆ ಸರಿದ. "ಹನ್ನೆರಡು ಸಲ ಕರ್ಕೊಂಡ್ ಬಂದೆ," ಎಂದ. "ಆ ಕೂಸು ಸೂಜಿ ಅಂದ್ರೆ ಅಳೋದು. ಡಾಕ್ಟ್ರಮ್ಮ ಒಳ್ಳೇರು, ನಿನ್ನ ಒಳ್ಳೇದಕ್ಕೇ ಅಂತ ನಾನೇ ಕೈ ಹಿಡ್ಕೊಂಡು ಕೂರಿಸ್ತಿದ್ದೆ. ನಾನೇ ಹಿಡ್ಕೊಂಡಿದ್ದೆ!" ಜರಡಿಯನ್ನು ಎತ್ತಿ ಗೋಡೆಗೆ ಎಸೆದ. ಅರಳಿದ ಮಂಡಕ್ಕಿ ನೆಲದ ತುಂಬ ಚೆಲ್ಲಿತು.

ನಾಗವೇಣಿ ಮಾತ್ರ ಅನಸೂಯಾಳ ಮುಖವನ್ನೇ ನೋಡುತ್ತಿದ್ದಳು. "ಮೂಲ ಚಿತ್ರ ಅಲ್ಲೇ ಇತ್ತಾ?"

"ಇತ್ತು."

"ನೀವು ಒಂದ್ ಸಲಾನೂ ನೋಡ್ಲಿಲ್ಲಾ?"

"ನೋಡಲಿಲ್ಲ. ಯಂತ್ರ ಹೇಳಿದ್ದನ್ನ ನಂಬಿದೆ."

"ಮೊರದಾಗೆ ಒಂದು ಕಲ್ಲು ಸಿಕ್ರೆ ನಾವು ಪೂರ್ತಿ ಅಕ್ಕಿ ಆರಿಸ್ತೀವಿ ಡಾಕ್ಟ್ರಮ್ಮ," ಎಂದಳು ನಾಗವೇಣಿ. "ನನ್ನ ಮಗಳು ಜಡೆ ಹಾಕ್ಕೊಳ್ಳೋಕಾಗಲ್ಲ ಅಂತ ಹೋದ್ ಸಲಾನೇ ಹೇಳಿದ್ದೆ. ನಗುನಗ್ತಾ, ಬೆಳೀತಾ ಸರಿಹೋಗ್ತದೆ ಅಂದ್ರಿ."

ಅನಸೂಯಾ ಮೂಲ ಚಿತ್ರಗಳ ಪ್ರತಿಯನ್ನು ಸ್ಟೂಲಿನ ಮೇಲೆ ಇಟ್ಟಳು. ಸರ್ಕಾರಿ ಆಸ್ಪತ್ರೆಯಲ್ಲಿ ನಾನೇ ಆಪರೇಷನ್ ಮಾಡಬಹುದು, ಬೇರೆ ಊರಿನ ಸರ್ಜನ್ನರ ಹೆಸರೂ ಕೊಡುತ್ತೇನೆ, ಯಾರ ಹತ್ತಿರ ಹೋದರೂ ಈ ಚಿತ್ರಗಳನ್ನು ತೋರಿಸಿ, ತಡಮಾಡಬೇಡಿ ಎಂದಳು.

"ಈ ಗಡ್ಡೆ ತೆಗೆಯೋರು ಎಷ್ಟು ಜನ ಅದಾರೆ?"

"ನಮ್ಮ ರಾಜ್ಯದಲ್ಲಿ ನನ್ನೂ ಸೇರಿ ಮೂರು ಜನ. ಉಳಿದಿಬ್ಬರೂ ನರಸುಧಾದ ಬೇರೆ ಶಾಖೆಗಳಲ್ಲೇ ಇದ್ದಾರೆ."

ನಾಗವೇಣಿ ಬಾಯಿಗೆ ಬಂದ ಉಗುಳನ್ನು ಬೂದಿಯ ರಾಶಿಗೆ ಉಗಿದಳು. "ಹಂಗಾದ್ರೆ ನೀವೇ ಮಾಡ್ರಿ. ನಿಮ್ಮ ಮೇಲೆ ನಂಬಿಕೆ ಇದ್ದು ಹೇಳ್ತಿಲ್ಲ, ತಿಳ್ಕೊಳ್ರಿ. ಬೇರೆ ದಾರಿ ಇಲ್ಲ."

ಹನ್ನೊಂದು ದಿನದ ನಂತರ ಬೆಳಿಗ್ಗೆ ಎಂಟಕ್ಕೆ ಆಪರೇಷನ್ ಶುರುವಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ನರದರ್ಶಕ ಇರಲಿಲ್ಲ. ರೆಹಾನಾ ಮೂಲ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಅಂಟಿಸಿದ್ದಳು. ಅದರ ಜೊತೆಗೆ ಇದ್ದದ್ದು ಹಳೆಯ ಕಾಲದ ಒಂದು ಕಡ್ಡಿ. ಅದರ ತುದಿಯಿಂದ ಎಳೆಗೆ ಸಣ್ಣ ವಿದ್ಯುತ್ ಮುಟ್ಟಿಸಿದರೆ, ಜೀವ ಇದ್ದರೆ ಬೆರಳು ಮಿಡಿಯುತ್ತದೆ. ಮಿಡಿದರೆ ಉಳಿಸು, ಮಿಡಿಯದಿದ್ದರೆ ಕತ್ತರಿಸು.

ಕಂಕುಳು ತೆರೆದಾಗ ಸಹಾಯಕ್ಕೆ ನಿಂತಿದ್ದ ನರ್ಸ್ ಮುಖ ತಿರುಗಿಸಿದಳು. ಗಡ್ಡೆ ಬೆಂದು ತಣ್ಣಗಾದ ಶಾವಿಗೆಯ ಉಂಡೆಯಂತೆ, ಮಾಸಲು ಹಳದಿ, ಲೋಳೆಲೋಳೆ. ಅನಸೂಯಾ ಇಂಥವನ್ನು ಎಷ್ಟೋ ನೋಡಿದ್ದಳು. ಹೇಸಿಗೆಯಾದದ್ದು ಅದನ್ನು ನೋಡಿ ಅಲ್ಲ. ಮೈಕ್ರೋಸ್ಕೋಪಿನಲ್ಲಿ ಕಂದು ಗೀರುಗಳು ಕಂಡವು, ಸೂಜಿ ಹೋಗಿ ಬಂದ ದಾರಿಗಳು. ಪ್ರತಿಯೊಂದೂ ನೇರ ನರದ ಪಕ್ಕಕ್ಕೇ ಹೋಗಿತ್ತು, ಸತ್ವ ಹೆಚ್ಚಿರುವ ಜಾಗಕ್ಕೆ. ಹೆಬ್ಬೆರಳಿಗೆ ಹೋಗುವ ಎಳೆಯನ್ನು ಗಡ್ಡೆ ಕೊಂದಿರಲಿಲ್ಲ, ಸೂಜಿ ಕೊಂದಿತ್ತು. ಅದು ನಾಲ್ಕು ಕಡೆ ತೂತಾಗಿ ದಾರದ ತುಂಡಿನಂತೆ ಜೋತು ಬಿದ್ದಿತ್ತು.

ಏಳು ಗಂಟೆ ಹಿಡಿಯಿತು. ಒಂದೊಂದು ಎಳೆಯನ್ನೂ ಮುಟ್ಟಿ, ಬೆರಳು ನೋಡಿ, ಸುತ್ತಲಿನದನ್ನು ಸುಲಿದು ತೆಗೆಯಬೇಕು. ಅವಳ ಬಲಗೈ ಒಮ್ಮೆಯೂ ತಪ್ಪಲಿಲ್ಲ. ಅದು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆಯೆಂಬುದೇ ಅವಳಿಗೆ ಅಸಹ್ಯ ಹುಟ್ಟಿಸುತ್ತಿತ್ತು. ಕಿರುಬೆರಳು ಮಿಡಿಯಿತು. ಉಂಗುರ ಬೆರಳು ಮಿಡಿಯಿತು. ನಡುಬೆರಳು, ತೋರುಬೆರಳು, ತಡವಾಗಿಯಾದರೂ, ಮಿಡಿದವು. ಹೆಬ್ಬೆರಳು ಮಿಡಿಯಲಿಲ್ಲ.

ಗಡ್ಡೆ ಹೊರಬಂದಾಗ ಮೂರು ಗಂಟೆ. ಆಗ ನರ್ಸ್ ಬಂದು, ಹೊರಗೆ ಯಾರೋ ಕಾಯುತ್ತಿದ್ದಾರೆ ಎಂದಳು. ನರಸುಧಾದ ಕಾನೂನು ಅಧಿಕಾರಿ. ಕನ್ನಡಕ ಹಾಕಿದ, ತಲೆ ನರೆತ, ಮೆಲುಮಾತಿನ ಮನುಷ್ಯ. ಕಾಲ ಬಳಿ ಒಂದು ಐಸ್ ಪೆಟ್ಟಿಗೆ. ಬೆಂಚಿನ ಇನ್ನೊಂದು ತುದಿಯಲ್ಲಿ ಹಾಲೇಶ, ನಾಗವೇಣಿ ಕೂತಿದ್ದರು. ಪೆಟ್ಟಿಗೆ ಏನಕ್ಕೆಂದು ಅವರಿಗೆ ತಿಳಿದಿರಲಿಲ್ಲ.

"ಡಾಕ್ಟರ್, ಆಪರೇಷನ್ ಚೆನ್ನಾಗಿ ಆಯ್ತು ಅಂತ ಕೇಳಿ ಸಂತೋಷ," ಎಂದ ಆತ. "ಒಪ್ಪಿಗೆ ಪತ್ರದ ಹದಿನಾಲ್ಕನೇ ಪುಟದ ಪ್ರಕಾರ ತೆಗೆದ ಅಂಗಾಂಶ ಸಂಸ್ಥೆಗೆ ಸೇರಿದ್ದು. ಒಂದು ಗಂಟೆ ಒಳಗೆ ತಂಪಲ್ಲಿ ಇಡಬೇಕು. ದಯವಿಟ್ಟು."

ಹಾಲೇಶ ಎದ್ದು ನಿಂತ. "ಏನ್ ಕೊಡ್ಬೇಕಂತೆ ಇವ್ನಿಗೆ?"

"ಗಡ್ಡೆ," ಎಂದಳು ಅನಸೂಯಾ.

ಹಾಲೇಶ ಆ ಮನುಷ್ಯನ ಕಡೆಗೆ ನುಗ್ಗಿದ. ನಾಗವೇಣಿ ಗಂಡನ ಅಂಗಿ ಹಿಡಿದೆಳೆದಳು. ಅನಸೂಯಾ ಒಳಗೆ ಹೋದಳು. ಉಕ್ಕಿನ ಬಟ್ಟಲಲ್ಲಿ ಗಡ್ಡೆ ಇನ್ನೂ ಬೆಚ್ಚಗಿತ್ತು, ಅದರ ಕೋಶಗಳಿಗೆ ಇನ್ನೂ ಜೀವವಿತ್ತು. ತೆಗೆದದ್ದನ್ನೆಲ್ಲ ಫಾರ್ಮಲಿನ್‌ನಲ್ಲಿಟ್ಟು ಪರೀಕ್ಷೆಗೆ ಕಳಿಸಬೇಕೆಂಬುದು ಸರ್ಕಾರಿ ಆಸ್ಪತ್ರೆಯ ನಿಯಮ. ಅವಳು ದೊಡ್ಡ ಜಾಡಿಯ ಮುಚ್ಚಳ ತೆಗೆದು, ಗಡ್ಡೆಯನ್ನು ಅದರಲ್ಲಿ ಮುಳುಗಿಸಿ, ಕಣ್ಣುರಿಸುವ ಆ ಘಾಟಿನಲ್ಲೇ ಹತ್ತು ನಿಮಿಷ ನಿಂತಳು. ಆಮೇಲೆ ಜಾಡಿ ಸಮೇತ ಹೊರಗೆ ಬಂದು ಆ ಮನುಷ್ಯನ ಮುಂದೆ ಹಿಡಿದಳು.

"ತಗೊಂಡು ಹೋಗಿ ಅಂತ ಹೇಳ್ತಿದ್ದೆ. ಆದ್ರೆ ಇಲ್ಲಿನ ನಿಯಮದ ಪ್ರಕಾರ ಪರೀಕ್ಷೆ ಮುಗಿಯೋವರೆಗೆ ಕೊಡೋ ಹಾಗಿಲ್ಲ."

ಅವನ ಮುಖ ಬಿಳುಚಿಕೊಂಡಿತು. "ಫಾರ್ಮಲಿನ್ ಹಾಕಿದೀರಾ? ಒಂದು ಕೋಶಾನೂ ಉಳಿಯಲ್ಲ. ಇದರ ಪರಿಣಾಮ ಗೊತ್ತಾ ನಿಮಗೆ?"

"ಮಗು ಹೇಗಿದೆ ಅಂತ ಇನ್ನೂ ಕೇಳಿಲ್ಲ ನೀವು," ಎಂದಳು ನಾಗವೇಣಿ ಪಕ್ಕದಿಂದ.

ಆತ ಐಸ್ ಪೆಟ್ಟಿಗೆ ಎತ್ತಿಕೊಂಡು ಹೊರಟ.

ಮುಂದೆ ಆದದ್ದು ಕಡಿಮೆ. ಪತ್ರಿಕೆಗಳಲ್ಲಿ ನಾಲ್ಕು ದಿನ ಬಂತು. ವಿಚಾರಣಾ ಸಮಿತಿಯಾಯಿತು, ಅದು ಇನ್ನೂ ವಿಚಾರಿಸುತ್ತಿದೆ. ಕೊಂಡಜ್ಜಿಯವರು ಟಿವಿಯಲ್ಲಿ ಕೂತು ಹನ್ನೊಂದು ಸಾವಿರ ಜನರ ಬಗ್ಗೆ ಮಾತಾಡಿದರು. ಗಾಲಿಕುರ್ಚಿಯಿಂದ ಎದ್ದ ಒಬ್ಬಾತ ಪಕ್ಕದಲ್ಲಿ ಕೂತು ಅತ್ತ. ಅವನ ಅಳು ನಿಜವೇ ಆಗಿತ್ತು, ಅದನ್ನು ನೋಡುವುದು ಅನಸೂಯಾಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ರೆಹಾನಾ ಹರಿಹರದ ಸಣ್ಣ ಸ್ಕ್ಯಾನಿಂಗ್ ಕೇಂದ್ರ ಸೇರಿದಳು. ಅನಸೂಯಾ ನರಸುಧಾ ಬಿಟ್ಟು ಸರ್ಕಾರಿ ಆಸ್ಪತ್ರೆಗೆ ಬಂದಳು. ಉಳಿದ ಹದಿನೆಂಟು ಮನೆಗಳಿಗೂ ಇಬ್ಬರೂ ಹೋಗಿ ಬಂದರು. ಏಳು ಮನೆಯವರು ಮಕ್ಕಳನ್ನು ಕರೆತಂದರು. ಕೆಲವರು ನಂಬಲಿಲ್ಲ. ಜಗಳೂರಿನ ಒಬ್ಬ ತಂದೆ ನಾಯಿ ಬಿಡುತ್ತೇನೆಂದ.

ನಾಲ್ಕು ತಿಂಗಳಾದ ಮೇಲೆ ಒಂದು ಸೋಮವಾರ ಇಂಚರ ತಪಾಸಣೆಗೆ ಬಂದಳು. ಗಾಯ ಒಣಗಿತ್ತು. ಅಮ್ಮ ಹಿಂದೆ ನಿಂತಿದ್ದಳು. ಅನಸೂಯಾ ಹುಡುಗಿಯ ಎದುರು ಕೂತು, ಹಿಡಿತದ ಬಲ ನೋಡಲು ಬಲಗೈಯ ಎರಡು ಬೆರಳು ಮುಂದೆ ಚಾಚಿದಳು. "ಇದನ್ನ ಗಟ್ಟಿಯಾಗಿ ಹಿಡ್ಕೋ."

ಇಂಚರ ಕೈ ಹಿಂದಕ್ಕೆ ಎಳೆದುಕೊಂಡಳು. "ಆ ಕೈ ಬ್ಯಾಡ."

"ಇಂಚರಾ..." ಎಂದಳು ನಾಗವೇಣಿ.

"ಅದ್ರೊಳಗೆ ನಂದು ಗಡ್ಡೆ ಐತೆ ಅಂತ ಅಪ್ಪ ಹೇಳ್ತು. ಥೂ. ಇನ್ನೊಂದು ಕೈ ಕೊಡ್ರಿ."

ಅನಸೂಯಾ ಬಲಗೈ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಎಡಗೈ ಚಾಚಿದಳು. ಹುಡುಗಿ ಹಲ್ಲು ಕಚ್ಚಿ ಹಿಡಿದಳು. ನಾಲ್ಕು ಬೆರಳು ಒತ್ತಿದವು. ಹೆಬ್ಬೆರಳು ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು.

"ಗಟ್ಟಿ ಐತಾ?"

"ಗಟ್ಟಿ ಇದೆ."

ಹುಡುಗಿ ಅವಳ ಮುಖವನ್ನು ನೋಡಿದಳು. "ಸುಳ್ಳು ಹೇಳ್ಬ್ಯಾಡ್ರಿ."

ಅನಸೂಯಾ ತಿದ್ದಿಕೊಂಡಳು. "ಗಟ್ಟಿ ಇಲ್ಲ. ಹೋದ ತಿಂಗಳಿಗಿಂತ ವಾಸಿ. ಈ ನಾಲ್ಕು ಬೆರಳು ಇನ್ನೂ ಸ್ವಲ್ಪ ಸುಧಾರಿಸ್ತವೆ. ಹೆಬ್ಬೆರಳು ಬರಲ್ಲ. ಇನ್ನೂ ಬೇಗ ತೆಗೆದಿದ್ರೆ ಬರ್ತಿತ್ತು."

ಇಂಚರ ಕೈ ಬಿಟ್ಟಳು. ಮೇಜಿನ ಮೇಲೆ ತೆರೆದಿದ್ದ ಕಡತವನ್ನು ಡಾಕ್ಟರಮ್ಮನ ಕಡೆಗೆ ತಳ್ಳಿದಳು.

"ಹಂಗೇ ಬರೀರಿ," ಎಂದಳು. ಬರೆಯುವುದು ಮುಗಿಯುವವರೆಗೂ ಪಕ್ಕದಲ್ಲೇ ನಿಂತು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು.